ಒತ್ತಡ ಏರುವುದು ಮುಂದೆ, ನರ ಸಾಯುವುದು ಹಿಂದೆ: ಅದು ಹೇಗೆ?

ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಕಲಿಸುವವನು, ಕಣ್ಣಿನ ಡಾಕ್ಟರಲ್ಲ. ಆದರೂ ಕಣ್ಣು ತೋರಿಸಿಕೊಂಡು ಬಂದ ನೆಂಟರು, ನೆರೆಹೊರೆಯವರು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕಣ್ಣಿನ ಪ್ರೆಶರ್ 26 ಇದೆ, ಹೀಗೇ ಬಿಟ್ಟರೆ ಗ್ಲಾಕೋಮಾ ಆಗಿ ಕಣ್ಣಿನ ನರ ಸಾಯಬಹುದು ಅಂದರು. ನೋವಿಲ್ಲ, ಕೆಂಪಾಗಿಲ್ಲ, ಪೇಪರು ಓದುವುದಕ್ಕೂ ತೊಂದರೆಯಿಲ್ಲ. ನೀರು ಕಟ್ಟಿಕೊಳ್ಳುವುದು ಕಣ್ಣಿನ ಮುಂಭಾಗದಲ್ಲಂತೆ. ಹಾಗಾದರೆ ಹಿಂದಿರುವ ನರ ಯಾಕೆ ಸಾಯಬೇಕು ಸಾರ್?" ಕೊನೆಯ ಮಾತನ್ನು ತರಗತಿಯಲ್ಲಿ ಕೇಳುವವರು ಅಪರೂಪ, ಕೇಳಬೇಕಾದದ್ದು ಮಾತ್ರ ಅದನ್ನೇ.

ಇಲ್ಲಿ ನೀರೆಂದರೆ ಕಣ್ಣೀರಲ್ಲ, ಪ್ರೆಶರ್ ಎಂದರೆ ಬಿ.ಪಿ.ಯೂ ಅಲ್ಲ. ಕಣ್ಣಿನ ಬಣ್ಣದ ಪರದೆಯ ಹಿಂದೆ ನಿಮಿಷಕ್ಕೆ 2ರಿಂದ 3 ಮೈಕ್ರೋಲೀಟರಿನಷ್ಟು ಸ್ರವಿಸಿ, ಪಾಪೆಯ ಮೂಲಕ ಮುಂದಕ್ಕೆ ಬಂದು, ಆ ಪರದೆಯೂ ಕಣ್ಣಿನ ಮುಂದಿನ ಪಾರದರ್ಶಕ ಹೊದಿಕೆಯಾದ ಕಾರ್ನಿಯಾವೂ ಕೂಡುವ ಮೂಲೆಯ ಸೂಕ್ಷ್ಮ ಜಾಲರಿಯಲ್ಲಿ ಸೋಸಿಕೊಂಡು ರಕ್ತಕ್ಕೆ ಸೇರುವ ತಿಳಿಯಾದ ದ್ರವ ಅದು. ಜಾಲರಿ ಕಟ್ಟಿಕೊಂಡರೆ (ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಸ್ಟೀರಾಯ್ಡ್ ಹನಿಗಳೂ ಕೆಲವರಲ್ಲಿ ಇದಕ್ಕೆ ಕಾರಣವಾಗುತ್ತವೆ) ಹುಟ್ಟಿದಷ್ಟು ದ್ರವ ಹೊರಹೋಗದೆ, ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಏರುತ್ತದೆ. ಕಣ್ಣುಗುಡ್ಡೆ ಎಲ್ಲ ಕಡೆ ಮುಚ್ಚಿದ ಚೆಂಡಾದ್ದರಿಂದ ಆ ಏರಿಕೆ ಹಿಂಗೋಡೆಗೂ ಅಷ್ಟೇ ತಟ್ಟುತ್ತದೆ.

ಈ ಒತ್ತಡಕ್ಕೆ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಒಳಪದರದ) ಕೋಶಗಳು ಜಜ್ಜಿಹೋಗುತ್ತವೆ ಎಂದು ಬಹಳ ಮಂದಿ ಊಹಿಸುತ್ತಾರೆ, ಹಾಗಲ್ಲ. ಬಾವಿಯಲ್ಲಿ ಒಂದು ಮೀಟರ್ ಆಳಕ್ಕೆ ಮುಳುಗಿದವನ ಮೈಮೇಲೆ ಸುಮಾರು 74 ಮಿಲಿಮೀಟರ್ ಪಾದರಸದಷ್ಟು ಹೆಚ್ಚುವರಿ ಒತ್ತಡ ಬೀಳುತ್ತದೆ. ಆದರೂ ಅವನ ಕಣ್ಣಿನ ನರ ಕೆಡುವುದಿಲ್ಲ, ಏಕೆಂದರೆ ಕಣ್ಣಿನ ಒಳಗೂ ಹೊರಗೂ ಒತ್ತಡ ಒಟ್ಟಿಗೇ ಏರಿರುತ್ತದೆ. ಕೆಡಿಸುವುದು ಒಳಹೊರಗಿನ ವ್ಯತ್ಯಾಸ, ಮತ್ತು ಆ ವ್ಯತ್ಯಾಸಕ್ಕೆ ಮೊದಲು ಸೋಲುವುದು ಕಣ್ಣಿನ ಗೋಡೆಯ ಒಂದು ದುರ್ಬಲ ಜಾಗ. ಒಂದೊಂದು ಕಣ್ಣಿನ ರೆಟಿನಾದಲ್ಲೂ ನೋಟದ ಸಂಕೇತವನ್ನು ಮೆದುಳಿಗೆ ಕಳಿಸುವ ಹತ್ತರಿಂದ ಹನ್ನೆರಡು ಲಕ್ಷ ಗ್ಯಾಂಗ್ಲಿಯಾನ್ ಕೋಶಗಳಿವೆ. ಪ್ರತಿಯೊಂದರಿಂದಲೂ ಹೊರಟ ಎಳೆ ರೆಟಿನಾದ ಮೇಲೆ ಹಾದು, ದೃಷ್ಟಿನರದ ಬಾಯಲ್ಲಿ ತೊಂಬತ್ತು ಡಿಗ್ರಿ ತಿರುಗಿ, ತೂತುಬಿದ್ದ ಕೊಲಾಜೆನ್ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಪದರದಲ್ಲಿ ನುಸುಳಿ ಮೆದುಳಿನತ್ತ ಸಾಗುತ್ತದೆ. ಅದರ ಲ್ಯಾಟಿನ್ ಹೆಸರು ಲ್ಯಾಮಿನಾ ಕ್ರಿಬ್ರೋಸಾ. ಅರ್ಥ, ಜರಡಿಯಂಥ ಪದರ. ಜರಡಿಯ ಮುಂದೆ ಕಣ್ಣಿನ ಒತ್ತಡ, ಹಿಂದೆ ಮೆದುಳು-ಬೆನ್ನುಹುರಿಯ ದ್ರವದ ಕಡಿಮೆ ಒತ್ತಡ. ಮುಂದಿನದು ಏರಿದಾಗ ಜರಡಿ ಹಿಂದಕ್ಕೆ ಬಾಗುತ್ತದೆ, ಹಾಳೆಗಳು ಜರುಗಿ ತೂತುಗಳು ಒಂದಕ್ಕೊಂದು ಕೂಡದಂತಾಗುತ್ತವೆ. ಎಳೆಗಳು ನಲುಗುವುದು ಅಲ್ಲಿ.

ನಲುಗಿದ ಎಳೆ ಕೂಡಲೇ ತುಂಡಾಗುವುದಿಲ್ಲ. ಅದರೊಳಗಿನ ಸಾಗಾಟ ಮೊದಲು ನಿಲ್ಲುತ್ತದೆ. ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟಿರುವ ಕೋಶವು ಏಳೆಂಟು ಸೆಂಟಿಮೀಟರ್ ಉದ್ದದ ಎಳೆಯನ್ನು ಸಾಕಬೇಕು. ಪ್ರೋಟೀನು, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ಇಲ್ಲಿಂದ ಹೋಗಬೇಕು, ಬಿ.ಡಿ.ಎನ್.ಎಫ್.ನಂಥ ಪೋಷಕ ಪ್ರೋಟೀನುಗಳು ಮೆದುಳಿನ ಕಡೆಯಿಂದ ಹಿಂದಕ್ಕೆ ಬರಬೇಕು. ಡಗ್ಲಸ್ ಆಂಡರ್ಸನ್ ಮತ್ತು ಅನಿತಾ ಹೆಂಡ್ರಿಕ್ಸನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಕಿರಣದ ಗುರುತು ಹಚ್ಚಿದ ಅಮೈನೋ ಆಮ್ಲವನ್ನು ಮಂಗಗಳ ಕಣ್ಣಿಗೆ ಚುಚ್ಚಿ ಒತ್ತಡ ಏರಿಸಿದಾಗ, ಕೋಶಗಳು ರವಾನಿಸಿದ ಗುರುತಿನ ಸರಕು ಇದೇ ಜರಡಿಯ ಬಳಿ ತಡೆದು ನಿಂತಿತ್ತು. ಸರಬರಾಜು ಬಹುಕಾಲ ನಿಂತ ಕೋಶ ಅಪೊಪ್ಟೋಸಿಸ್ ಎಂಬ ಕ್ರಮದಲ್ಲಿ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಆ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ. ನರದ ಬಾಯಿಯ ರಕ್ತಸಂಚಾರ ಕುಗ್ಗುವುದು, ಸುತ್ತಲಿನ ಆಸ್ಟ್ರೋಸೈಟ್ ಎಂಬ ಆಸರೆಯ ಕೋಶಗಳು ಕೆರಳುವುದು ಇದರ ಜೊತೆಗೂಡುತ್ತವೆ. ಯಾವುದು ಮೊದಲು ಎಂಬ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಇಷ್ಟಾದರೂ ಪೇಪರು ಓದಲಾಗುವುದು ಏಕೆಂದರೆ, ಜರಡಿಯ ಮೇಲ್ಬದಿ ಮತ್ತು ಕೆಳಬದಿಯಲ್ಲಿ ತೂತುಗಳು ದೊಡ್ಡವು, ಆಸರೆ ತೆಳು. ಮೊದಲು ಸಾಯುವ ಎಳೆಗಳು ಅಲ್ಲಿಯವು. ಅವು ನೋಡಿಕೊಳ್ಳುವುದು ನೋಟದ ನಡುವನ್ನಲ್ಲ, ಅದರ ಸುತ್ತ ಕಮಾನಿನಂತೆ ಬಾಗಿದ ಪ್ರದೇಶವನ್ನು. ಅಲ್ಲಿ ಬಿಟ್ಟುಹೋದದ್ದನ್ನು ಇನ್ನೊಂದು ಕಣ್ಣೂ ಮೆದುಳೂ ಸೇರಿ ತುಂಬಿಬಿಡುತ್ತವೆ. ನೋಟದ ಹರವನ್ನು ಅಳೆಯುವ ಫೀಲ್ಡ್ ಪರೀಕ್ಷೆಯಲ್ಲಿ ದೋಷ ಕಾಣುವ ಹೊತ್ತಿಗೆ ಕಾಲುಭಾಗ ಅಥವಾ ಇನ್ನೂ ಹೆಚ್ಚು ಕೋಶಗಳು ಹೋಗಿರಬಹುದು.

ಹಾಗೆಂದು 26 ಎಂಬ ಅಂಕಿಯೇ ರೋಗವಲ್ಲ. ಒತ್ತಡ 24ರಿಂದ 32ರವರೆಗಿದ್ದು ನರ ಇನ್ನೂ ಕೆಡದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಐದು ವರ್ಷಗಳಲ್ಲಿ ಗ್ಲಾಕೋಮಾ ಕಾಣಿಸಿಕೊಂಡದ್ದು ಔಷಧವಿಲ್ಲದವರಲ್ಲಿ ಶೇ. 9.5 ಮಂದಿಗೆ, ಹನಿ ಹಾಕಿದವರಲ್ಲಿ ಶೇ. 4.4 ಮಂದಿಗೆ. ಬಹುಪಾಲು ಜನರ ಜರಡಿ ಆ ಭಾರ ತಾಳಿತು. ಇನ್ನು ಕೆಲವರ ಜರಡಿ 15ಕ್ಕೂ ತಾಳುವುದಿಲ್ಲ. ಅವರಿಗೂ ಒತ್ತಡವನ್ನು ಇನ್ನಷ್ಟು ಇಳಿಸುವುದೇ ಚಿಕಿತ್ಸೆ. ಹಾಗಾಗಿ ನನ್ನನ್ನು ಕೇಳಿದವರಿಗೆ, ನರದ ಬಾಯಿ ಹೇಗಿದೆ ಎಂದು ಡಾಕ್ಟರನ್ನೇ ಕೇಳಿ, ಸ್ಕ್ಯಾನ್ ಮತ್ತು ಫೀಲ್ಡ್ ವರದಿಗಳನ್ನು ಹಳೆಯದನ್ನೂ ಎಸೆಯದೆ ಒಂದೇ ಫೈಲಿನಲ್ಲಿಡಿ ಎನ್ನುತ್ತೇನೆ. ಹನಿ ಬರೆದುಕೊಟ್ಟಿದ್ದರೆ ಇನ್ನೊಂದು ಮಾತು: ಮೂರು ತಿಂಗಳು ಹಾಕಿದರೂ ನೋಟ ಸುಧಾರಿಸಲಿಲ್ಲವೆಂದು ನಿಲ್ಲಿಸಿದವರನ್ನು ಕಂಡಿದ್ದೇನೆ. ಆ ಹನಿ ಇರುವುದು ನೋಟ ಹೆಚ್ಚಿಸಲಿಕ್ಕಲ್ಲ, ಜರಡಿಯ ಮೇಲಿನ ಭಾರ ಇಳಿಸಲಿಕ್ಕೆ.