‘ಇಸು’ ಎಂಬ ಪ್ರತ್ಯಯ ಮತ್ತು ಮೂರು ವರ್ಷದ ಮಕ್ಕಳು
‘ಏರು’ (ಮೇಲಕ್ಕೆ ಹೋಗು) ಎಂಬುದಕ್ಕೆ ‘ಇಸು’ ಸೇರಿ ‘ಏರಿಸು’ ಆದರೆ ಕೆಲಸ ಮಾಡಿಸುವವರು ಬೇರೆ ಇದ್ದಾರೆಂದು ಅರ್ಥ. ಇಷ್ಟು ನಿಯತವಾದ ಗುರುತು ಇಂಗ್ಲಿಷಿನಲ್ಲಿಲ್ಲ. ಹಾಗಾಗಿ ನಮ್ಮ ಮಕ್ಕಳು ಈ ಪ್ರತ್ಯಯವನ್ನೇ ನೆಚ್ಚಿಕೊಳ್ಳುತ್ತಾರೆಂದು ನಾನು ನಂಬಿದ್ದೆ. 2003ರಲ್ಲಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳಿಗೆ ವಾಕ್ಯಗಳನ್ನು ಹೇಳಿ, ಆಟಿಕೆಗಳಿಂದ ನಟಿಸಿ ತೋರಿಸಲು ಕೇಳಿದಾಗ, ‘ಮೊಸಳೆ ಹಕ್ಕಿಯನ್ನು ಏರುತ್ತದೆ’ ಎಂಬಂತಹ ವಾಕ್ಯದಲ್ಲಿ ‘ಇಸು’ ಇಲ್ಲದಿದ್ದರೂ, ಎರಡು ನಾಮಪದಗಳಿವೆಯೆಂಬ ಕಾರಣಕ್ಕೇ ಒಂದು ಇನ್ನೊಂದನ್ನು ಏರಿಸುವಂತೆ ಅವರು ಆಡಿಸಿದರು. ನಾಮಪದ ಒಂದೇ ಇದ್ದಾಗ ‘ಇಸು’ವನ್ನು ಅಷ್ಟಾಗಿ ಗಣಿಸಲಿಲ್ಲ. ದೊಡ್ಡವರಾದರೋ ಪ್ರತ್ಯಯಕ್ಕೂ ಬೆಲೆ ಕೊಟ್ಟರು. ‘ಅಜ್ಜಿ ನನ್ನ ಮಲಗಿದ್ಲು’ ಎನ್ನುವ ನಮ್ಮ ಮನೆಯ ಪುಟ್ಟಿಯನ್ನು ತಿದ್ದಲು ಈಗ ನಾನು ಅವಸರಪಡುವುದಿಲ್ಲ.