ಟೆಂಟಿನ ಬಟ್ಟೆ ನನ್ನಲ್ಲಿ, ಕೋಲು ಅವರಲ್ಲಿ

ದಾರಿ ಎರಡಾಗಿ ಒಡೆಯುವ ಜಾಗದಲ್ಲಿ ಒಂದು ಬಂಡೆಯ ಮೇಲೆ ಕೂತಿದ್ದೆ. ಮಳೆ ಹನಿಯಲು ಶುರುವಾಗಿತ್ತು. ಬಾಟಲಿಯಲ್ಲಿ ಎರಡು ಗುಟುಕು ನೀರಿತ್ತು. ಬ್ಯಾಗು ಬಿಚ್ಚಿ ನೋಡಿದೆ. ಸ್ಟೋವ್ ಇತ್ತು, ಗ್ಯಾಸ್ ಡಬ್ಬಿ ಇರಲಿಲ್ಲ. ಟೆಂಟಿನ ಬಟ್ಟೆ ಇತ್ತು, ಕೋಲುಗಳಿರಲಿಲ್ಲ. ಪಕ್ಕದಲ್ಲೇ ತೊರೆ ಹರಿಯುತ್ತಿತ್ತು, ಆದರೆ ನೀರಿನ ಫಿಲ್ಟರ್ ಇವರ ಬ್ಯಾಗಿನಲ್ಲಿ. ಇವರು ಎಲ್ಲಿದ್ದಾರೋ ಗೊತ್ತಿರಲಿಲ್ಲ.

ಆವತ್ತು ನಾವು ಹೊರಟಿದ್ದು ಬರೀ ಎರಡು ದಿನದ ನಡಿಗೆಗೆ. ಅಭ್ಯಾಸ ಅಂತ. ನಿಜವಾದ ನಡಿಗೆ ಮುಂದಿದೆ: 400 ಕಿಲೋಮೀಟರ್, 25 ದಿನ, ನಾವಿಬ್ಬರೇ, ಬೇಕಾದ್ದೆಲ್ಲ ಬೆನ್ನ ಮೇಲೆ. ಮದುವೆಯಾದಾಗಿನಿಂದ ಮಾತಾಡಿಕೊಳ್ಳುತ್ತಿದ್ದ ಕನಸು ಅದು. ಎರಡು ತಿಂಗಳಿಂದ ದಿನಾ ಸಂಜೆ ನೆಲದ ಮೇಲೆ ಸಾಮಾನು ಹರಡಿಕೊಂಡು ಕೂರುತ್ತಿದ್ದೆವು. ಸಣ್ಣವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೆವು. ತುಂಬಿದ ಬ್ಯಾಗನ್ನು ಹೊತ್ತು ತೂಕದ ಯಂತ್ರದ ಮೇಲೆ ನಿಂತು, ನಮ್ಮ ತೂಕ ಕಳೆಯುತ್ತಿದ್ದೆವು. ಇವರು ಎಲ್ಲವನ್ನೂ ಎಕ್ಸೆಲ್ ಶೀಟಿನಲ್ಲಿ ಬರೆಯುತ್ತಿದ್ದರು. ಆ ಸಂಜೆಗಳು ನನಗೆ ತುಂಬಾ ಇಷ್ಟ. ಬೇರೆ ಯಾವ ಕೆಲಸವನ್ನೂ ನಾವು ಅಷ್ಟು ಒಟ್ಟಿಗೆ ಮಾಡಿದ್ದಿಲ್ಲ.

ತೂಕ ಹಂಚುವಾಗ ಮೊದಲು ಸಮಸಮ ಮಾಡಿದ್ದೆವು. ಆಮೇಲೆ ಅದು ಸರಿಯಲ್ಲ ಅನಿಸಿತು. ತುಂಬಿದ ಬ್ಯಾಗು ಹೊರುವವರ ತೂಕದ ಐದನೇ ಒಂದು ಭಾಗ ದಾಟಬಾರದು ಅಂತ ನಡೆಯುವವರು ಹೇಳುತ್ತಾರೆ. ನಾನು 54 ಕೇಜಿ, ಇವರು 72. ಅಂದರೆ ನನಗೆ ಹತ್ತಿರತ್ತಿರ 11 ಕೇಜಿ, ಇವರಿಗೆ 14. ಈ 11 ಕೇಜಿ ಎಷ್ಟು ಬೇಗ ಮುಗಿಯುತ್ತದೆ ನೋಡಿ. ಒಬ್ಬರಿಗೆ ದಿನಕ್ಕೆ 650 ಗ್ರಾಂ ಒಣ ಆಹಾರ ಅಂತ ಇಟ್ಟುಕೊಂಡರೆ ಒಂದು ಸಲಕ್ಕೆ ಐದು ದಿನದ್ದು ಮಾತ್ರ ಹೊತ್ತರೂ ಮೂರೂಕಾಲು ಕೇಜಿ. ಎರಡು ಲೀಟರ್ ನೀರು ಅಂದರೆ ಎರಡು ಕೇಜಿ. ಉಳಿಯುವುದು ಐದೂಮುಕ್ಕಾಲು. ಬ್ಯಾಗಿನ ಸ್ವಂತ ತೂಕ, ಸ್ಲೀಪಿಂಗ್ ಬ್ಯಾಗ್, ಬಟ್ಟೆ, ಮಳೆಕೋಟು ಎಲ್ಲ ಇದರಲ್ಲೇ ಬರಬೇಕು.

ಅದಕ್ಕೇ ಸಾಮಾನನ್ನು ಚೂರು ಚೂರು ಮಾಡಿ ಹಂಚಿದ್ದೆವು. ಟೆಂಟನ್ನೂ ಬಿಡಿಸಿ ಬಟ್ಟೆ ನನಗೆ, ಕೋಲು ಅವರಿಗೆ. ಸ್ಟೋವ್ ನನಗೆ, ಗ್ಯಾಸ್ ಅವರಿಗೆ. ಶೀಟಿನಲ್ಲಿ ಲೆಕ್ಕ ಗ್ರಾಮಿಗೆ ಗ್ರಾಂ ಸರಿಹೋಗಿತ್ತು. ಇಬ್ಬರೂ ಯಾವಾಗಲೂ ಜೊತೆಗೇ ಇರುತ್ತೇವೆ ಅನ್ನುವುದನ್ನು ಮಾತ್ರ ನಾವು ಯೋಚನೆಯೇ ಮಾಡದೆ ನಂಬಿಬಿಟ್ಟಿದ್ದೆವು.

ವೇಗದ ಲೆಕ್ಕವೂ ಹಾಗೇ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಬೆಟ್ಟ ಹತ್ತುವವರು 1892ರಲ್ಲಿ ಒಂದು ಸೂತ್ರ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳಬೇಕೆಂದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಮೇಲಕ್ಕೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಅಭ್ಯಾಸದ ಮೊದಲ ದಿನ 16 ಕಿಲೋಮೀಟರ್ ದಾರಿ, 600 ಮೀಟರ್ ಏರು. ನಾಲ್ಕೂಕಾಲು ಗಂಟೆ ಸಾಕು ಅಂತ ಬರೆದುಕೊಂಡೆವು. ಆ ಸೂತ್ರ ಗಟ್ಟಿ ಕಾಲಿನವರಿಗೆ, ಅದರಲ್ಲಿ ಕೂತು ಸುಧಾರಿಸಿಕೊಳ್ಳುವ ಹೊತ್ತು ಸೇರಿಲ್ಲ. ಇವರ ಕಾಲಿಗೆ ಅದು ಹೆಚ್ಚುಕಡಿಮೆ ಒಪ್ಪುತ್ತದೆ. ನನ್ನ ಕಾಲಿಗೆ ಒಪ್ಪುವುದಿಲ್ಲ. ಮೂರನೇ ಗಂಟೆಗೆ ನನ್ನ ಎಡ ಮಂಡಿ ನೋಯತೊಡಗಿತು. ಇವರು ತಮ್ಮ ಲಯದಲ್ಲಿ ನಡೆಯುತ್ತಾ ಮರಗಳ ಆಚೆ ಮರೆಯಾದರು. ನಾನು "ಸ್ವಲ್ಪ ನಿಲ್ಲಿ" ಅನ್ನಲಿಲ್ಲ. ಹೊರೆಯಾಗಬಾರದು ಅನ್ನುವ ಹಟ.

ಕವಲಿಗೆ ಬಂದಾಗ ಎಡದ ದಾರಿ ಜಾಸ್ತಿ ತುಳಿದಂತಿತ್ತು. ಅದನ್ನೇ ಹಿಡಿದೆ. ಇವರು ಬಲಕ್ಕೆ ಹೋಗಿದ್ದರು. ಇಪ್ಪತ್ತು ನಿಮಿಷ ನಡೆದರೂ ಹಸಿ ಮಣ್ಣಿನಲ್ಲಿ ಹೊಸ ಹೆಜ್ಜೆ ಗುರುತು ಕಾಣಲಿಲ್ಲ. ಆಗ ಎದೆ ಧಸಕ್ಕೆಂದಿತು. ಮ್ಯಾಪ್ ಇದ್ದದ್ದು ಇವರ ಫೋನಿನಲ್ಲಿ. ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ. ಮುಂದೆ ಹೋಗುವ ಆಸೆ ತಡೆದುಕೊಂಡು ಬಂದ ದಾರಿಯಲ್ಲೇ ವಾಪಸ್ ಬಂದು ಆ ಬಂಡೆಯ ಮೇಲೆ ಕೂತೆ. ಆವತ್ತು ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಆ ಹೊತ್ತಿನಲ್ಲಿ ಎಮ್ಮಾ ಗೇಟ್‌ವುಡ್ ನೆನಪಾದರು. 1955ರಲ್ಲಿ, 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲೇಚಿಯನ್ ಟ್ರೈಲ್ ಅನ್ನು ಒಬ್ಬರೇ ಪೂರ್ತಿ ನಡೆದವರು. ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಕ್ಯಾನ್ವಾಸ್ ಶೂ, ಕೈಯಲ್ಲೇ ಹೊಲಿದ ಒಂದು ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಅಷ್ಟೇ. ಆದರೆ ಆ ಚೀಲದಲ್ಲಿ ಇದ್ದಿದ್ದು ಪೂರ್ತಿಯಾಗಿತ್ತು. ನನ್ನ ಬ್ಯಾಗಿನಲ್ಲಿ ಎಲ್ಲವೂ ಅರ್ಧರ್ಧ.

ಐವತ್ತು ನಿಮಿಷ ಕಳೆದ ಮೇಲೆ ಇವರು ಬಲದ ದಾರಿಯಿಂದ ಓಡುತ್ತಾ ಬಂದರು. ಮುಖ ಬಿಳಿಚಿಕೊಂಡಿತ್ತು. ಬೈಯಲಿಲ್ಲ. ನನಗೂ ಬೈಯಬೇಕು ಅನಿಸಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆದು ಕೊಟ್ಟರು. ನಾನು ಕುಡಿಯುವ ತನಕ ಸುಮ್ನೆ ನಿಂತಿದ್ದರು.

"ನಾನು ಹಿಂದೆ ತಿರುಗಿ ನೋಡಲೇ ಇಲ್ಲ," ಅಂದರು.

"ನಾನು ಕರೆಯಲೇ ಇಲ್ಲ ರೀ," ಅಂದೆ.

ಆ ರಾತ್ರಿ ಇನ್ನೊಂದು ಗೊತ್ತಾಯಿತು. ಇಬ್ಬರೂ ಒಂದೇ ಬಗೆಯ ಸ್ಲೀಪಿಂಗ್ ಬ್ಯಾಗ್ ತಗೊಂಡಿದ್ದೆವು. ಇವರು ನಿದ್ದೆ ಹೋದರು, ನಾನು ಬೆಳಗಿನವರೆಗೂ ನಡುಗಿದೆ. ಅದರ ಲೇಬಲ್ ಮೇಲೆ ಕಂಫರ್ಟ್, ಲಿಮಿಟ್ ಅಂತ ಎರಡು ಉಷ್ಣಾಂಶ ಇರುತ್ತದೆ. ಕಂಫರ್ಟ್ ಅನ್ನುವುದನ್ನು ಸಾಮಾನ್ಯ ಹೆಂಗಸಿನ ಲೆಕ್ಕದಲ್ಲಿ ಹಾಕುತ್ತಾರೆ, ಲಿಮಿಟ್ ಅನ್ನುವುದನ್ನು ಮುದುಡಿ ಮಲಗಿದ ಗಂಡಸಿನ ಲೆಕ್ಕದಲ್ಲಿ. ನಾವು ಲಿಮಿಟ್ ನೋಡಿ ಇಬ್ಬರಿಗೂ ಆರಿಸಿದ್ದೆವು.

ಮನೆಗೆ ಬಂದು ಶೀಟನ್ನು ಹೊಸದಾಗಿ ಬರೆದೆವು. ಈಗ ಯಾವ ಸಾಮಾನನ್ನೂ ಒಡೆದು ಹಂಚುವುದಿಲ್ಲ. ಟೆಂಟ್ ಪೂರ್ತಿ ಅವರಿಗೆ. ಸ್ಟೋವ್, ಗ್ಯಾಸ್, ಪಾತ್ರೆ ಪೂರ್ತಿ ನನಗೆ. ನನ್ನ ಹತ್ತಿರ ಟೆಂಟ್ ಇಲ್ಲದ ರಾತ್ರಿಗೆ ಒಂದು ತೆಳು ಟಾರ್ಪಾಲ್, ಫಿಲ್ಟರ್ ಇಲ್ಲದಾಗ ನೀರು ಶುದ್ಧ ಮಾಡುವ ಮಾತ್ರೆ. ಅವರ ಹತ್ತಿರ ಬೇಯಿಸದೆ ತಿನ್ನುವಂಥ ಎರಡು ದಿನದ ಆಹಾರ. ಮ್ಯಾಪ್, ಲೈಟರ್, ಹೆಡ್‌ಲ್ಯಾಂಪ್, ಸೀಟಿ ಇಬ್ಬರ ಹತ್ತಿರವೂ. ಮೂರು ಸಲ ಊದಿದರೆ ಆಪತ್ತು ಅಂತ ಅರ್ಥ. ಇದಕ್ಕೆಲ್ಲ ಒಟ್ಟು 700 ಗ್ರಾಂ ಜಾಸ್ತಿಯಾಯಿತು. ಇಷ್ಟು ದಿನ ಹತ್ತತ್ತು ಗ್ರಾಮಿಗೆ ಒದ್ದಾಡಿದ ಇವರು ಈ 700 ಗ್ರಾಮಿಗೆ ಒಂದು ಮಾತೂ ಆಡಲಿಲ್ಲ.

25 ದಿನ 31 ಆಯಿತು. ನಾಲ್ಕು ದಿನ ಪೂರ್ತಿ ವಿಶ್ರಾಂತಿ, ಮೊದಲ ವಾರ ದಿನಕ್ಕೆ 12 ಕಿಲೋಮೀಟರ್ ಮಾತ್ರ. ನನ್ನ ಮುಟ್ಟಿನ ದಿನಗಳನ್ನೂ ಶೀಟಿನಲ್ಲಿ ಗುರುತು ಹಾಕಿದೆ. ಆಗ ದೂರ ಕಡಿಮೆ, ಆದಷ್ಟು ನೀರಿನ ಹತ್ತಿರವೇ ತಂಗುವುದು. ಬಳಸಿದ ಪ್ಯಾಡನ್ನು ವಾಪಸ್ ಹೊತ್ತು ತರಲು ಬೇರೆ ಚೀಲ. ಇದನ್ನು ಮೊದಲೇ ಯಾಕೆ ಬರೆದಿರಲಿಲ್ಲವೋ. ಹಾಗೇ ಇನ್ನು ಮುಂದೆ ನಾನೇ ಮುಂದೆ ನಡೆಯುವುದು, ಇವರು ಹಿಂದೆ.

ಕೊನೆಗೆ ಒಂದು ಸಾಲು ಖಾಲಿ ಉಳಿದಿತ್ತು. ಅರ್ಧ ದಾರಿಯಲ್ಲಿ ಒಬ್ಬರಿಗೆ ಸಾಕು ಅನಿಸಿದರೆ? ಇವರು ತುಂಬಾ ಹೊತ್ತು ಯೋಚಿಸಿ ಮೆಲ್ಲಗೆ ಕೇಳಿದರು. "ನಿನಗೆ ಸಾಕಾದರೆ, ನಾನೊಬ್ಬನೇ ಮುಗಿಸಬಹುದಾ?" ಒಂದು ಕ್ಷಣ ಚುಚ್ಚಿದಂತಾಯಿತು. ಆಮೇಲೆ ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ಇವರು ನಿಂತರೆ ನನಗೂ ಮುಗಿಸುವ ಆಸೆ ಇರುತ್ತದೆ.

ಗಾಯವೋ ಕಾಯಿಲೆಯೋ ಆದರೆ ಇಬ್ಬರೂ ವಾಪಸ್. ಬರೀ ಮನಸ್ಸು ಸೋತಿದ್ದರೆ ಎರಡು ರಾತ್ರಿ ಚೆನ್ನಾಗಿ ಉಂಡು ಮಲಗಿ, ಆಮೇಲೆ ತೀರ್ಮಾನ. ಆಗಲೂ ಬೇಡ ಅನಿಸಿದವರು ಮನೆಗೆ, ಇನ್ನೊಬ್ಬರು ಮುಂದಕ್ಕೆ. ಹಾಗಂತ ಬರೆದು ಶೀಟು ಮುಚ್ಚಿದೆವು.

ಹೊರಡಲು ಇನ್ನು ಐದು ವಾರ. ನನ್ನ ಮಂಡಿಗಾಗಿ ದಿನಾ ಸಂಜೆ ಬ್ಯಾಗಿನಲ್ಲಿ ಐದು ಕೇಜಿ ತುಂಬಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಇವರೂ ಹಿಂದೆಯೇ ಬರುತ್ತಾರೆ.