ಮುಳ್ಳಿಗೆ ಒಂದು ಹನಿ ಎಣ್ಣೆ

ಅಪ್ಪನ ಪದ್ಮಿನಿ ಕಾರು 30 ದಾಟಿದರೆ ಸಾಕು, ಸ್ಪೀಡೋಮೀಟರ್ ಮುಳ್ಳು ಗಡಗಡ ನಡುಗುತ್ತಿತ್ತು. ಡ್ಯಾಶ್‌ಬೋರ್ಡ್ ಹಿಂದೆ ಇಲಿ ಕಿಚಗುಟ್ಟಿದಂಥ ಸದ್ದು. ಒಂದು ಗ್ಯಾರೇಜಿನಲ್ಲಿ ಕೇಬಲ್‌ಗೆ ತುದಿಯಿಂದ ತುದಿಗೂ ಗ್ರೀಸ್ ಮೆತ್ತಿ ಕೊಟ್ಟರು. ಸದ್ದು ನಿಂತಿತು. ಆದರೆ ಎರಡೇ ತಿಂಗಳಿಗೆ ಮೇಲೇರಿದ ಮುಳ್ಳು ಕೆಳಗಿಳಿಯದಾಯಿತು. ಸಿಗ್ನಲ್ಲಿನಲ್ಲಿ ನಿಂತಾಗಲೂ 40! ಜೆ.ಸಿ. ರಸ್ತೆಯಲ್ಲಿ ಕೇಳಿದರೆ "ಬಿಸಾಕಿ ಸಾರ್, ಬೇರೇದು ಹಾಕ್ಸಿ" ಅಂದರು. ಮನಸ್ಸು ಬರಲಿಲ್ಲ. ಅದರಲ್ಲಿದ್ದ 61,408 ಕಿಲೋಮೀಟರ್‌ನಲ್ಲಿ ಹೆಚ್ಚಿನದು ಅಪ್ಪ ಓಡಿಸಿದ್ದು.

ಎದುರುಮನೆ ಅಂಕಲ್ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. "ಅದೂ ಗಡಿಯಾರದ ಜಾತೀನೇ ಕಣಪ್ಪ, ಬಿಚ್ಕೊಂಡು ಬಾ" ಅಂದರು.

ಭಾನುವಾರ ಅವರ ವರಾಂಡದಲ್ಲಿ ಬಿಳಿ ಪಂಚೆ ಹಾಸಿ ಕೂತೆವು. ಮುಳ್ಳು ಸುಮ್ಮನಿರುವ ಜಾಗಕ್ಕೆ ಮೊದಲು ಪೆನ್ಸಿಲ್ ಗುರುತು. ಆಮೇಲೆ ಎರಡು ಟೀ ಚಮಚಗಳನ್ನು ಎರಡೂ ಕಡೆ ಸಿಕ್ಕಿಸಿ ಮೆಲ್ಲಗೆ ಮೀಟಿದರು. ಮುಳ್ಳು ಸೊಟ್ಟಗಾಗದೆ ಎದ್ದು ಬಂತು. ನಾನು ಉಸಿರು ಬಿಟ್ಟೆ.

ಒಳಗಿನ ಕೆಲಸ ಎಷ್ಟು ಚೆಂದ! ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಕವುಚಿದಂತೆ ಅಲ್ಯೂಮಿನಿಯಂ ಬಟ್ಟಲು. ಒಂದಕ್ಕೊಂದು ತಾಗುವುದೇ ಇಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ಅಯಸ್ಕಾಂತ ಸುತ್ತುವಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದನ್ನು ಜೊತೆಗೆಳೆಯುತ್ತದೆ, ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ನಮ್ಮದರಲ್ಲಿ ಆ ಸಂದಿಯ ತುಂಬ ಕಪ್ಪು ಗ್ರೀಸ್. ಸುತ್ತುವ ಕೇಬಲ್ ಹಿಡಿದು ಸ್ಕ್ರೂ ಏರಿದ ಹಾಗೆ ಮೇಲೇರಿ ಬಂದಿತ್ತು. ಅಂಕಲ್ ಬಟ್ಟಲನ್ನು ವೈಟ್ ಪೆಟ್ರೋಲಿನಲ್ಲಿ ತೊಳೆದರು, ಹೇರ್‌ಸ್ಪ್ರಿಂಗ್‌ಗೆ ಬೆರಳೂ ತಾಗಿಸಲಿಲ್ಲ. ಅಯಸ್ಕಾಂತಕ್ಕೆ ಹತ್ತಿದ್ದ ಕಬ್ಬಿಣದ ಪುಡಿಯನ್ನು ಸೆಲ್ಲೋಟೇಪ್ ಒತ್ತಿ ಒತ್ತಿ ಎತ್ತಿದರು. ಅಂಕಿಗಳ ಚಕ್ರಕ್ಕೆ ಮಾತ್ರ ಒಣ ಬ್ರಷ್. ಪೆಟ್ರೋಲ್ ತಾಗಿದರೆ ಅಂಕಿಯ ಬಣ್ಣವೇ ಹೋದೀತು.

"ಸೊನ್ನೆಗೆ ತಿರುಗಿಸ್ಲಾ? ಹೊಸದರ ಹಾಗಿರತ್ತೆ."

"ಬೇಡ ಅಂಕಲ್. ಹಾಗೇ ಇರ್ಲಿ."

ಅವರು ತಲೆಯಾಡಿಸಿ, ಸೂಜಿಯ ತುದಿಯಲ್ಲಿ ವಾಚ್ ಎಣ್ಣೆ ಅದ್ದಿ ಅಯಸ್ಕಾಂತದ ಕಡ್ಡಿಯ ಬುಡಕ್ಕೆ ಮುಟ್ಟಿಸಿದರು. ಒಂದೇ ಹನಿ. ಕೇಬಲ್ ನನ್ನ ಪಾಲಿಗೆ: ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತೆಳ್ಳಗೆ ಗ್ರೀಸ್ ಸವರಿದೆ, ಮೀಟರಿನ ಕಡೆಯ ಗೇಣುದ್ದ ಒಣಗಿದ್ದ ಹಾಗೇ ಬಿಟ್ಟೆ.

ಮರುದಿನ ಬೆಳಗಿನ ಜಾವ ಮೇಖ್ರಿ ಸರ್ಕಲ್‌ನಿಂದ ಹೆಬ್ಬಾಳದ ಕಡೆ ಹೊರಟೆವು. ಅಂಕಲ್ ಕೈಯಲ್ಲಿ ಫೋನಿನ ಜಿಪಿಎಸ್. ಅದು 40 ಅಂದಾಗ ಮುಳ್ಳು 42. "ಎರಡು ಜಾಸ್ತಿ ತೋರ್ಸಿದ್ರೆ ಪರವಾಗಿಲ್ಲ, ಕಮ್ಮಿ ತೋರಿಸ್ಬಾರ್ದು ಅಷ್ಟೇ" ಅಂದರು. ಮುಂದೆ ಕೆಂಪು ದೀಪ. ಬ್ರೇಕ್ ಒತ್ತಿದೆ. ಮುಳ್ಳು ಒಮ್ಮೆಯೂ ನಡುಗದೆ ಇಳಿದು ಸೊನ್ನೆಯ ಮೇಲೆ ಕೂತಿತು.